35 ದಾಟಿದವರಿಗೆ ಸೀಟಿಲ್ಲ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯಾವುದೇ ಶುಕ್ರವಾರ ರಾತ್ರಿ ದೆಹಲಿಯ ಮಜ್ನೂ ಕಾ ಟೀಲಾ ಅಥವಾ ಕಾಶ್ಮೀರಿ ಗೇಟ್ ಬಳಿ ನಿಂತರೆ ಕಾಣುವುದು ಒಂದೇ ದೃಶ್ಯ. ಹೊಗೆಮಂಜಿನಲ್ಲಿ ಸಾಲುಗಟ್ಟಿದ ವೋಲ್ವೋ ಬಸ್ಸುಗಳು, ಟೆಂಪೋ ಟ್ರಾವೆಲರ್‌ಗಳು, ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು. ಹೆಚ್ಚಿನವರು ಗುರುಗ್ರಾಮ, ನೋಯ್ಡಾಗಳ ಕಚೇರಿಗಳಿಂದ ನೇರವಾಗಿ ಬಂದವರು. ರಾತ್ರಿಯಿಡೀ 500 ಕಿ.ಮೀ.ಗೂ ಹೆಚ್ಚು ದೂರ ಸಾಗಿ ಮನಾಲಿ ಸೇರುತ್ತಾರೆ. ಸೋಲಂಗ್ ಕಣಿವೆಯಲ್ಲಿ ಬಾಡಿಗೆಯ ಸ್ಕೀ ಕಟ್ಟಿಕೊಂಡು ಹತ್ತಾರು ಸಲ ಬೀಳುತ್ತಾರೆ, ಸೋಮವಾರ ಬೆಳಗ್ಗೆ ಮತ್ತೆ ಕೆಲಸಕ್ಕೆ ಲಾಗಿನ್ ಆಗುತ್ತಾರೆ. ಇಂಥ ಪ್ರವಾಸಗಳ ಜಾಹೀರಾತಿನ ಕೆಳಗೆ ಒಂದು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ: ವಯೋಮಿತಿ 18ರಿಂದ 35.

ಮೈಸೂರಿನಿಂದ ಬಂದು ಗುರುಗ್ರಾಮದಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರುವ ಮಹಿಳೆಯೊಬ್ಬಳಿದ್ದಾಳೆ ಎಂದುಕೊಳ್ಳಿ. ವಯಸ್ಸು 36, ಮದುವೆಯಾಗಿಲ್ಲ, ಅಥವಾ ಆಗಿ ಮುರಿದಿದೆ. ಜೊತೆಗೆ ಬರುತ್ತಿದ್ದ ಗೆಳತಿಯರೆಲ್ಲ ಮಕ್ಕಳ ಶಾಲೆಯ ರಜೆಗೆ ಕಟ್ಟುಬಿದ್ದಿದ್ದಾರೆ. ಹೋದ ವರ್ಷ ಆಕೆಗೆ ಆ ಬಸ್ಸಿನಲ್ಲಿ ಸೀಟಿತ್ತು, ಈ ವರ್ಷ ಇಲ್ಲ. ನಡುವೆ ಆಕೆಯ ಮಂಡಿಗೆ ಏನೂ ಆಗಿಲ್ಲ.

ಈ ಸಂಖ್ಯೆ ಹಿಮಾಲಯದಲ್ಲಿ ಹುಟ್ಟಿದ್ದಲ್ಲ. ಯುರೋಪ್ ನೋಡುವ ಆಸೆಯಿದ್ದರೂ ಕೈಯಲ್ಲಿ ಹಣವಿಲ್ಲದ ನ್ಯೂಜಿಲೆಂಡಿನ ಜಾನ್ ಆಂಡರ್ಸನ್ ಎಂಬ ಯುವಕ 1962ರಲ್ಲಿ ಲಂಡನ್ನಿನಲ್ಲಿ ಜೊತೆಗಾರರನ್ನು ಕಲೆಹಾಕಿ ಒಂದು ಮಿನಿಬಸ್ಸಿನಲ್ಲಿ ಹೊರಟ. ಅದು ಕಾಂಟಿಕಿ ಎಂಬ ಕಂಪನಿಯಾಗಿ ಬೆಳೆಯಿತು, 18-35 ಅದರ ಗುರುತಾಯಿತು. ಖರ್ಚು ಹಂಚಿಕೊಳ್ಳಲು ಸೇರಿದ ಅಪರಿಚಿತರ ಗುಂಪೇ ಆಮೇಲೆ ಮಾರಾಟದ ಸರಕಾಯಿತು. ದೆಹಲಿಯ ಬಸ್ಸು ಮಾರುವುದೂ ಇದನ್ನೇ. ಸ್ಕೀ ಅಲ್ಲಿ ನೆಪ, ನಿಜವಾದ ಸರಕು ಸಹವಾಸ.

ಬ್ರಿಟನ್ನಿನ ಕಾನೂನು ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಸೇವೆಗಳಲ್ಲಿ ವಯಸ್ಸಿನ ತಾರತಮ್ಯವನ್ನು ಅಲ್ಲಿ 2012ರ ಅಕ್ಟೋಬರ್‌ನಲ್ಲಿ ನಿಷೇಧಿಸಿದಾಗ, ಒಂದೇ ವಯೋಮಾನದವರನ್ನು ಒಟ್ಟುಗೂಡಿಸುವುದೇ ಉದ್ದೇಶವಾಗಿರುವ ಪ್ರವಾಸಗಳಿಗೆ ವಿನಾಯಿತಿ ಕೊಟ್ಟರು. ವಯೋಮಿತಿಯನ್ನು ಮೊದಲೇ ಬರೆದು ತಿಳಿಸಬೇಕು, ಅಷ್ಟೆ. ಆದರೆ ಅಲ್ಲಿ 50 ದಾಟಿದವರಿಗೂ ಸಾಗಾದಂಥ ದೊಡ್ಡ ಸಂಸ್ಥೆಯಿದೆ, ನಡುವಿನ ಒಂಟಿ ಪ್ರವಾಸಿಗರಿಗೂ ಗುಂಪುಗಳಿವೆ. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದನ್ನು ತಟ್ಟಬಹುದು.

ಭಾರತದಲ್ಲಿ ಆ ಪಕ್ಕದ ಬಾಗಿಲು ಎಲ್ಲಿದೆ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ತಾಣಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರುಗಳ ಆಧಾರದ ತಡೆಯನ್ನು ನಿಷೇಧಿಸುತ್ತದೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಕೋರ್ಟಿನ ಮಾತು ಹಾಗಿರಲಿ, ಮಾರುಕಟ್ಟೆಯನ್ನೇ ನೋಡಿ. 18-35ರ ಬಸ್ಸಿದೆ. 55 ದಾಟಿದವರಿಗೆ ಮುಂಬೈನ ವೀಣಾ ವರ್ಲ್ಡ್‌ನಂಥವರ ಹಿರಿಯರ ಪ್ರವಾಸವಿದೆ. ನಡುವಿನ ಇಪ್ಪತ್ತು ವರ್ಷಕ್ಕೆ ಫ್ಯಾಮಿಲಿ ಪ್ಯಾಕೇಜು, ಹನಿಮೂನ್ ಪ್ಯಾಕೇಜು. ಅಷ್ಟರಲ್ಲಿ ಎಲ್ಲರಿಗೂ ಸಂಸಾರ ಇದ್ದೇ ಇರುತ್ತದೆ ಎಂದು ದೊಡ್ಡಮ್ಮ ಅತ್ತೆಯಂದಿರಂತೆ ಟೂರ್ ಕಂಪನಿಗಳೂ ನಂಬಿವೆ. ಅವರಾದರೂ ಗಂಡು ಹುಡುಕಿಕೊಡಲು ಮುಂದೆ ಬರುತ್ತಾರೆ.

ಇದು ಬರೀ ಬೇಸರದ ಮಾತಲ್ಲ, ಜೇಬಿನ ಮಾತೂ ಹೌದು. ಗುಂಪಿನಲ್ಲಿ ಹೋದರೆ ಒಂದು ಕೋಣೆಯ ಬಾಡಿಗೆ ಮೂವರಿಗೆ ಹಂಚಿಹೋಗುತ್ತದೆ. ಒಂಟಿಯಾಗಿ ಹೋದವರು ಇಡೀ ಕೋಣೆಯ ಬಾಡಿಗೆ ತೆರಬೇಕು, ಟ್ಯಾಕ್ಸಿಯನ್ನೂ ಒಬ್ಬರೇ ಹಿಡಿಯಬೇಕು. ಹಿಮ ಸುರಿದು ರಸ್ತೆ ಮುಚ್ಚಿದ ರಾತ್ರಿ ಯಾರನ್ನು ಕೇಳುವುದು ಎಂಬುದನ್ನೂ ಒಬ್ಬರೇ ಯೋಚಿಸಬೇಕು.

ದೇಹದ ಸಾಮರ್ಥ್ಯಕ್ಕಾಗಿ ಈ ಮಿತಿ ಎನ್ನುವವರಿಗೆ ದೆಹಲಿಯಲ್ಲೇ ಉತ್ತರವಿದೆ. ವಿದೇಶಾಂಗ ಸಚಿವಾಲಯದ ಕೈಲಾಸ ಮಾನಸ ಸರೋವರ ಯಾತ್ರೆ ಹೊರಡುವುದು ಇದೇ ಊರಿನಿಂದ. ಅದರ ವಯೋಮಿತಿ 18ರಿಂದ 70. ಯಾತ್ರಿಕರು ಮೊದಲು ದೆಹಲಿ ಹಾರ್ಟ್ ಅಂಡ್ ಲಂಗ್ ಇನ್‌ಸ್ಟಿಟ್ಯೂಟ್‌ನ ತಪಾಸಣೆಯಲ್ಲಿ ಪಾಸಾಗಬೇಕು. ಲಿಪುಲೇಖ್ ದಾರಿಯವರನ್ನು ಮೇಲೆ ಗುಂಜಿಯಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಪರಿಕ್ರಮದಲ್ಲಿ ದಾಟುವ ಡೋಲ್ಮಾ ಲಾ ಕಣಿವೆದಾರಿ 5,600 ಮೀಟರಿಗೂ ಎತ್ತರದಲ್ಲಿದೆ. 68ರ ಅಜ್ಜಿ ಅಲ್ಲಿಗೆ ಹೋಗಬಹುದು, 36ರ ಇಂಜಿನಿಯರ್ ಸೋಲಂಗ್‌ನ 2,500 ಮೀಟರಿನ ಇಳಿಜಾರಿಗೆ ಗುಂಪಿನ ಜೊತೆ ಹೋಗುವಂತಿಲ್ಲ! ಸರ್ಕಾರಿ ಪರ್ವತಾರೋಹಣ ಸಂಸ್ಥೆಗಳ ಕೋರ್ಸುಗಳಲ್ಲೂ ವಯೋಮಿತಿ ಉಂಟು, ನಿಜ. ಆದರೆ ಅಲ್ಲಿ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ವೀಕೆಂಡ್ ಬಸ್ಸು 25ರ ಹರೆಯದವನ ಆಸ್ತಮಾ ಬಗ್ಗೆ ವಿಚಾರಿಸುವುದು ಅಪರೂಪ.

ಇನ್ನೊಂದು ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 22ರ ಹುಡುಗಿ ಒಬ್ಬಳೇ ಬುಕ್ ಮಾಡುತ್ತಾಳೆ. ರಾತ್ರಿಯ ಬಸ್ಸು, ಬೆಂಕಿಯ ಸುತ್ತ ಕುಣಿತ, ಕುಡಿತ. ಪಕ್ಕದ ಸೀಟಿನಲ್ಲಿ ತಂದೆಯ ವಯಸ್ಸಿನ ಅಪರಿಚಿತ ಇರುವುದು ಆಕೆಗೂ ಬೇಡ, ಮನೆಯಲ್ಲಿ ಕಾಯುವ ತಾಯಿಗೂ ಬೇಡ. ವಯಸ್ಸಿನ ಗೆರೆ ಅಂಥವರಿಗೆ ಒಂದಿಷ್ಟು ಧೈರ್ಯ ಕೊಡುತ್ತದೆ. ಈ ಭಯ ದೆಹಲಿಯಲ್ಲಿ ಬೆಳೆದವರಿಗೆ ಬೇರೆಯವರು ಹೇಳಿಕೊಡಬೇಕಾದದ್ದಲ್ಲ. ಆದರೆ ಕೈ ಚಾಚುವವನಿಗೆ 28 ಆಗಿದ್ದರೆ? ಗೆರೆ ಅವನನ್ನು ಒಳಗೇ ಬಿಟ್ಟುಕೊಂಡಿರುತ್ತದೆ, 40ರ ಶಾಲಾ ಶಿಕ್ಷಕಿಯನ್ನು ಮಾತ್ರ ಹೊರಗಿಟ್ಟಿರುತ್ತದೆ. ನೆಗಡಿಗೆ ಮೂಗು ಕೊಯ್ದರೂ ನೆಗಡಿ ಹೋಗಿಲ್ಲ. ಹುಡುಗಿಯನ್ನು ಕಾಯುವುದು ಹೊರಡುವ ಮುನ್ನ ಪ್ರತಿಯೊಬ್ಬರ ಗುರುತಿನ ಪರಿಶೀಲನೆ, ಜೊತೆಗೊಬ್ಬ ಮಹಿಳಾ ಲೀಡರ್, ದೂರು ಬಂದ ಕ್ಷಣವೇ ಬಸ್ಸಿನಿಂದ ಇಳಿಸುವ ನಿಯಮ. ಇವೆಲ್ಲಕ್ಕೂ ಖರ್ಚಿದೆ. ‘18-35’ ಎಂದು ಬರೆಯಲು ಪೈಸೆ ಖರ್ಚಿಲ್ಲ.

ಹಾಗೆ ನೋಡಿದರೆ ರಾಜಧಾನಿಯ ಸುತ್ತ ವಯಸ್ಸಿನ ಗೆರೆಗಳು ನಗೆ ತರಿಸುತ್ತವೆ. ದೆಹಲಿಯಲ್ಲಿ ಬಿಯರ್ ಕೊಳ್ಳಲು 25 ತುಂಬಿರಬೇಕು, ಗಡಿಯಾಚೆ ಗುರುಗ್ರಾಮ, ನೋಯ್ಡಾಗಳಲ್ಲಿ 21 ಸಾಕು. ಕೇಂದ್ರದ 2003ರ ಯುವ ನೀತಿಯಲ್ಲಿ 35ರವರೆಗೂ ಯುವಜನರು. 2014ರ ನೀತಿಯಲ್ಲಿ 29ಕ್ಕೇ ಮುಗಿಯಿತು. ಕಾಗದದ ಮೇಲೆ ಆರು ವರ್ಷ ಹೋದದ್ದಕ್ಕೆ ಯಾರ ಕೂದಲೂ ಹಣ್ಣಾಗಲಿಲ್ಲ.

ಬೇರೆ ಬಗೆಯಲ್ಲಿ ಗುಂಪು ಕಟ್ಟಿದವರೂ ಇದ್ದಾರೆ. ಪ್ರವಾಸ ಲೇಖಕಿ ಸುಮಿತ್ರಾ ಸೇನಾಪತಿ 2005ರಲ್ಲಿ ಶುರುಮಾಡಿದ ವಾವ್ ಕ್ಲಬ್ ಮಹಿಳೆಯರನ್ನಷ್ಟೇ ಕರೆದೊಯ್ಯುತ್ತದೆ. ಅಲ್ಲಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಹೋಗುತ್ತಾರೆ. ಸ್ಕೀ ಬಸ್ಸಿನವರೂ ಪ್ರವಾಸದ ಸ್ವಭಾವವನ್ನು ನೇರವಾಗಿ ಬರೆಯಬಹುದು: ರಾತ್ರಿ ಎರಡರವರೆಗೆ ಸಂಗೀತ, ಮೂವರಿಗೊಂದು ಕೋಣೆ, ಬೆಳಗ್ಗೆ ಎಂಟಕ್ಕೆ ಇಳಿಜಾರು. ಇದನ್ನು ಓದಿದ ಮೇಲೂ ಹಣ ಕಟ್ಟುವ 41ರವರು ಎಷ್ಟು ಮಂದಿ? ಕಟ್ಟಿದವರು ಆ ಗದ್ದಲ ಬೇಕೆಂದೇ ಬಂದವರು. ಬರೀ ಹರೆಯದವರದೇ ಗುಂಪು ಬೇಕೆನ್ನುವವರು ಅದನ್ನೂ ನಡೆಸಲಿ, ತಿಂಗಳಿಗೊಂದು ಬಸ್ಸಿಗಾದರೂ ಆ ಸಾಲು ತೆಗೆಯಲಿ.

ಸದ್ಯಕ್ಕೆ ಮೈಸೂರಿನ ಆ ಮಹಿಳೆ ಬೇರೆ ಬಸ್ಸಿನಲ್ಲಿ ಟಿಕೆಟ್ ಕೊಂಡು, ಪೂರ್ತಿ ಕೋಣೆಯ ಬಾಡಿಗೆ ತೆತ್ತು, ಗಂಟೆ ಲೆಕ್ಕದಲ್ಲಿ ತರಬೇತುದಾರನನ್ನು ಹಿಡಿದು ಸೋಲಂಗ್ ತಲುಪುತ್ತಾಳೆ. ಅದೇ ಇಳಿಜಾರಿನಲ್ಲಿ, ಅದೇ 18-35ರ ಗುಂಪಿನ ಪಕ್ಕದಲ್ಲೇ ಬೀಳುತ್ತಾಳೆ. ಎಬ್ಬಿಸಲು ಕೈ ಕೊಡುವವರೂ ಬಹುಶಃ ಅವರೇ. ಸಂಜೆ ಊಟಕ್ಕೆ ಮಾತ್ರ ಬೇರೆ ಮೇಜು.