ಜೆಸಿಬಿಗೆ ಕೇಳ್ತೀವಿ, ಹುಡುಗನಿಗೆ ಕೇಳಲ್ಲ

ಭಾಗ 1

ಫೈನಲ್ ಇಯರ್ ಹತ್ತಿರ ಬಂದ ಹಾಗೆ ಕ್ಲಾಸಲ್ಲಿ ಅರ್ಧ ಜನರ ಕೈಲಿ ಬ್ಯಾಂಕ್ ಪರೀಕ್ಷೆ ಪುಸ್ತಕ. ನನಗೆ ಬರೋ ಮೆಸೇಜ್‌ಗಳಲ್ಲೂ ಒಂದೇ ಪ್ರಶ್ನೆ: "ಮುಸ್ಲಿಮರು ಬ್ಯಾಂಕಲ್ಲಿ ಕೆಲಸ ಮಾಡಬಹುದಾ? ಹರಾಮ್ ಅಂತಾರಲ್ಲ?"

ಚಿಕ್ಕದಾಗಿ ಹೇಳಿಬಿಡ್ತೀನಿ. ಬಡ್ಡಿ ತಗೊಳ್ಳೋನು, ಕೊಡೋನು, ಅದರ ಪತ್ರ ಬರೆಯೋನು, ಸಾಕ್ಷಿ ಹಾಕೋರು ಎಲ್ಲರೂ ಒಂದೇ ಅನ್ನೋ ಅರ್ಥದ ಹದೀಸ್ ಇದೆ. ಬರೆಯೋನು ಅಂದ್ರೆ ಯಾರು? ನಾವೇ, ಬಿಕಾಂನವರು! ಬ್ಯಾಂಕ್ ನೌಕರರ ಮನೆಯ ಸಂಬಂಧ ಬೇಡ ಅಂತ ದೇವಬಂದ್‌ನ ದಾರುಲ್ ಉಲೂಮ್ ಸಲಹೆ ಕೊಟ್ಟಿದ್ದು 2018ರ ಜನವರಿಯಲ್ಲಿ ಪೇಪರಲ್ಲೆಲ್ಲ ಬಂತು. ಬ್ಯಾಂಕಿನ ಎಲ್ಲ ಕೆಲಸವೂ ಬಡ್ಡಿಯದ್ದಲ್ಲ, ಬೇರೆ ದಾರಿ ಇಲ್ಲದವನಿಗೆ ಅವಕಾಶ ಉಂಟು ಅನ್ನೋ ವಿದ್ವಾಂಸರೂ ಇದ್ದಾರೆ, ಯೂಸುಫ್ ಅಲ್-ಕರ್ದಾವಿ ತರದವರು. ಬಡ್ಡಿ ಇಲ್ಲದ ಬ್ಯಾಂಕ್ ನಮ್ಮ ದೇಶದಲ್ಲಿ ಬರುತ್ತೆ ಅಂತ ಕಾಯೋದೂ ವೇಸ್ಟ್. ಆ ಪ್ರಸ್ತಾಪ ಮುಂದುವರಿಸಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿಬಿಟ್ಟಿದೆ. ಇದನ್ನ ನೀವು ನಂಬೋ ಆಲಿಮ್ ಹತ್ರ ಕೇಳಿ, ಇನ್‌ಸ್ಟಾಗ್ರಾಮಲ್ಲಿ ನನ್ನ ಹತ್ರ ಅಲ್ಲ.

ನನ್ನ ತಕರಾರು ಬೇರೆ. ಹಲಾಲ್ ಕೆಲಸ ಅಂದ್ರೆ ನಾವು ಕೇಳೋದು "ಎಲ್ಲಿ ಕೆಲಸ?" ಅಂತ ಮಾತ್ರ. ಬ್ಯಾಂಕಾ, ಬಾರಾ, ಬಟ್ಟೆ ಅಂಗಡಿನಾ? ಬಟ್ಟೆ ಅಂಗಡಿ ಅಂದ್ರೆ ಮುಗೀತು, ಅಲ್ಹಮ್ದುಲಿಲ್ಲಾ. ಆ ಅಂಗಡಿಯವರು ಹುಡುಗನ್ನ ಯಾವ ಕರಾರಲ್ಲಿ ಇಟ್ಕೊಂಡಿದ್ದಾರೆ ಅಂತ ಯಾರೂ ಕೇಳಲ್ಲ.

ಭಾಗ 2

ಫಿಕ್ಹ್‌ನಲ್ಲಿ, ಅಂದ್ರೆ ಇಸ್ಲಾಮಿನ ಕಾನೂನು ಶಾಸ್ತ್ರದಲ್ಲಿ, ಇದಕ್ಕೆ ಒಂದು ಅಧ್ಯಾಯವೇ ಇದೆ: ಇಜಾರಾ. ಬಾಡಿಗೆ, ಕೂಲಿ ಎರಡೂ ಅದರೊಳಗೇ ಬರುತ್ತೆ. 12ನೇ ಶತಮಾನದ ಮರ್ಗೀನಾನಿ ಬರೆದ ಹನಫಿ ಗ್ರಂಥ 'ಹಿದಾಯಾ'ದಲ್ಲಿ ಮನೆ ಬಾಡಿಗೆ, ಸವಾರಿ ಪ್ರಾಣಿ ಬಾಡಿಗೆ, ದರ್ಜಿ, ಕುರುಬ ಎಲ್ಲರೂ ಇದ್ದಾರೆ. ಮುಖ್ಯ ಷರತ್ತು ಸಿಂಪಲ್: ಕೆಲಸ ಏನು, ಎಷ್ಟು ಹೊತ್ತು ಅಥವಾ ಎಷ್ಟು ಕೆಲಸ, ಕೂಲಿ ಎಷ್ಟು, ಇದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಕುರ್‌ಆನಿನ ಮೂಸಾ ಕಥೆಯಲ್ಲೂ ಹಾಗೇ. ಮದ್‌ಯನ್‌ನಲ್ಲಿ ಕೆಲಸಕ್ಕೆ ಇಟ್ಕೊಳ್ಳುವಾಗ ಆ ಹಿರಿಯರು ಎಂಟು ವರ್ಷ ಅಂತ ಮೊದಲೇ ಹೇಳ್ತಾರೆ, ಹತ್ತು ಮಾಡಿದ್ರೆ ಅದು ನಿನ್ನಿಷ್ಟ ಅಂತಾನೂ ಹೇಳ್ತಾರೆ.

ಕೂಲಿ ಹೇಳದೇ ಇದ್ರೆ? ಆ ಕರಾರು ಫಾಸಿದ್, ಅಂದ್ರೆ ಕೆಟ್ಟ ಕರಾರು. ಹಾಗಂತ ದುಡಿದವನ ಕೈ ಖಾಲಿ ಬಿಡೋ ಹಾಗಿಲ್ಲ, ಅಂಥ ಕೆಲಸಕ್ಕೆ ಆ ಊರಲ್ಲಿ ಏನು ಕೂಲಿ ನಡೆಯುತ್ತೋ ಅಷ್ಟು ಕೊಡಲೇಬೇಕು. ಬಿಸಿನೆಸ್ ಲಾ ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಿರಬೇಕು. 1872ರ ಭಾರತೀಯ ಕರಾರು ಕಾಯ್ದೆ ತೆಗೀರಿ. ಸೆಕ್ಷನ್ 29: ಅರ್ಥ ಖಚಿತ ಇಲ್ಲದ ಒಪ್ಪಂದ ಶೂನ್ಯ. ಸೆಕ್ಷನ್ 70: ಪುಕ್ಕಟೆ ಅಂತ ಅಲ್ಲದೆ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕು. ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದು ಮಸೀದಿ ಪಕ್ಕದ ಅಂಗಡಿಗೂ ಅನ್ವಯ ಆಗುತ್ತೆ ಅಂತ ಯಾರೂ ಹೇಳಿಕೊಡಲಿಲ್ಲ.

ನಮ್ಮ ಹಗರೆ ಕಡೆ ನೋಡಿ. ಜೆಸಿಬಿ ಕರೆಸಬೇಕಾದ್ರೆ ಗಂಟೆಗೆ ಎಷ್ಟು ಅಂತ ಕೇಳದೆ ಯಾರಾದ್ರೂ ಕರೆಸ್ತಾರಾ? ಟ್ರ್ಯಾಕ್ಟರ್ ಹೊಲಕ್ಕೆ ಇಳಿಯೋ ಮುಂಚೆ ರೇಟ್ ಮಾತಾಗಿರುತ್ತೆ. ಶುಂಠಿ ಕೀಳೋದು ಮೂಟೆ ಲೆಕ್ಕ, ಅರೇಹಳ್ಳಿ ಕಡೆ ತೋಟದಲ್ಲಿ ಕಾಫಿ ಹಣ್ಣು ಕುಯ್ಯೋದು ಕೆಜಿ ಲೆಕ್ಕ. ಅಲ್ಲೂ ಮೋಸ ಇಲ್ಲ ಅಂತಲ್ಲ, ಆದ್ರೆ ಲೆಕ್ಕ ಅಂತ ಒಂದಿದೆ. ಅದೇ ಬಿಕಾಂ ಓದೋ ಹುಡುಗನೋ ಹುಡುಗಿನೋ ರಜೇಲಿ ಅಂಗಡಿಗೆ ಸೇರಿದ್ರೆ ಮಾತ್ರ "ನೋಡ್ಕೊಂಡು ಕೊಡೋಣ ಬಿಡಿ." ಮೆಷಿನ್ನೂ ಮನುಷ್ಯನೂ ಒಂದೇ ಅಧ್ಯಾಯದಲ್ಲಿದ್ದಾರೆ ಕಣ್ರೀ.

ಭಾಗ 3

ಹೋದ ರಜೇಲಿ ಹಾಸನದ ಒಂದು ಅಂಗಡಿಗೆ ಎರಡು ತಿಂಗಳು ಹೋದೆ. ಹೆಸರು ಬೇಡ. ಮೊದಲನೇ ದಿನ ಕೇಳಿದೆ, "ಭಾಯ್, ಸಂಬಳ ಎಷ್ಟು?" ನಕ್ಕರು. "ನೀನು ಬೇರೆಯವರಾ? ನಮ್ಮ ಮನೆ ಮಗು ಇದ್ದ ಹಾಗೆ." ವಾರ ಬಿಟ್ಟು ಮತ್ತೆ ಕೇಳಿದೆ, ಮತ್ತೆ ಅದೇ ನಗು. ತಿಂಗಳ ಕೊನೆಗೆ ಮನೆ ಮಗುವಿಗೆ ಸರಿಯಾದ ಲೆಕ್ಕ ಬಂತು: ಗಿರಾಕಿ ಇಲ್ಲದ ನಾಲ್ಕು ದಿನ ಅರ್ಧ ಸಂಬಳ, ಒಡೆದ ಒಂದು ಟ್ರೇ ಗಾಜಿನ ಲೋಟಕ್ಕೆ ಕಟ್! ಲೋಟ ನನ್ನ ಕೈಯಿಂದ ಬಿದ್ದದ್ದೂ ಅಲ್ಲ, ರ‍್ಯಾಕ್ ಕುಸಿದದ್ದು.

ಆಮೇಲೆ ಓದಿದಾಗ ಗೊತ್ತಾಯ್ತು, ಇವೆರಡಕ್ಕೂ ಹನಫಿ ಗ್ರಂಥಗಳಲ್ಲಿ ಉತ್ತರ ಇದೆ. ಒಬ್ಬ ಮಾಲೀಕನಿಗೇ ಸಮಯ ಕೊಟ್ಟು ದುಡಿಯೋನು 'ಅಜೀರೆ ಖಾಸ್'. ಹೇಳಿದ ಹೊತ್ತಿಗೆ ಬಂದು ಕೆಲಸಕ್ಕೆ ಸಿದ್ಧ ನಿಂತರೆ ಸಾಕು, ಮಾಲೀಕ ಕೆಲಸ ಕೊಡದೆ ಕೂರಿಸಿದ್ರೂ ಕೂಲಿ ಅವನ ಹಕ್ಕು. ಅವನ ಕೈಲಿರೋ ಸಾಮಾನು ಅಮಾನತ್ತು. ಬೇಕಂತ ಅಥವಾ ಬೇಜವಾಬ್ದಾರಿಯಿಂದ ಹಾಳು ಮಾಡದಿದ್ರೆ ನಷ್ಟ ಅವನ ತಲೆಗೆ ಬರಲ್ಲ. ದರ್ಜಿ, ದೋಬಿ ತರ ಎಲ್ಲರ ಕೆಲಸ ಮಾಡೋರ ವಿಷಯದಲ್ಲಿ ಮಾತ್ರ ಇಮಾಮ್ ಅಬೂ ಹನೀಫಾ ಒಂದು ಹೇಳಿದ್ರೆ ಅವರ ಇಬ್ಬರು ಶಿಷ್ಯರು ಇನ್ನೊಂದು ಹೇಳ್ತಾರೆ. ಇಷ್ಟು ಸೂಕ್ಷ್ಮವಾಗಿ ಯೋಚನೆ ಮಾಡಿದ ಜನ!

"ಊರ ಪದ್ಧತಿ ಅಂತ ಒಂದಿದೆಯಲ್ಲ, ಎಲ್ಲಾನೂ ಬಾಯಿಬಿಟ್ಟು ಹೇಳಬೇಕಾ?" ಅನ್ನೋರು ಇದ್ದಾರೆ. ಸರಿಯಾದ ಪ್ರಶ್ನೆ. ಎಲ್ಲರಿಗೂ ಗೊತ್ತಿರೋ ವಾಡಿಕೆಯನ್ನ ಫಿಕ್ಹ್ ಕೂಡ ಹೇಳಿದ ಮಾತಿನ ಹಾಗೇ ಒಪ್ಪುತ್ತೆ. ಊರಲ್ಲಿ ಆಳಿನ ಕೂಲಿ ಇಷ್ಟು ಅಂತ ಎಲ್ಲರಿಗೂ ಗೊತ್ತಿದ್ರೆ ದಿನಾ ಬೆಳಿಗ್ಗೆ ಕೇಳೋ ಅಗತ್ಯ ಇಲ್ಲ. ಆದ್ರೆ ಹೊಸದಾಗಿ ಬಂದ ಹುಡುಗನಿಗೆ ಗೊತ್ತಿಲ್ಲದ, ಮಾಲೀಕನ ಮನಸ್ಸಲ್ಲಿ ಮಾತ್ರ ಇರೋ ರೇಟು ಪದ್ಧತಿ ಅಲ್ಲ.

ಇದು ಮುಸ್ಲಿಂ ಅಂಗಡಿಗಳ ಕಥೆ ಮಾತ್ರ ಅಂದ್ಕೋಬೇಡಿ. ನನ್ನ ಲಿಂಗಾಯತ ಫ್ರೆಂಡ್ ಅವರ ಸ್ವಂತ ಚಿಕ್ಕಪ್ಪನ ಗೊಬ್ಬರದ ಅಂಗಡೀಲಿ ಕೂತು ಇದನ್ನೇ ಹೇಳ್ತಾನೆ. ನಮ್ಮವರ ಮೇಲೆ ನನಗೆ ಸಿಟ್ಟು ಜಾಸ್ತಿ ಯಾಕಂದ್ರೆ ಬೋರ್ಡ್ ಮೇಲೆ ಹಲಾಲ್ ಅಂತ ನಾವೇ ಬರೆಸೋದು. ಬೆಂಗಳೂರಿನ ಐಎಂಎ ಕೂಡ ಹಲಾಲ್ ಹೂಡಿಕೆ ಅಂತಲೇ ಸಾವಿರಾರು ಜನರ ದುಡ್ಡು ತಗೊಂಡು 2019ರಲ್ಲಿ ಮುಳುಗಿದ್ದು. ಅಲ್ಲೂ ಜನ ಹೆಸರು ನೋಡಿದ್ರು, ಕರಾರು ನೋಡಲಿಲ್ಲ.

ಕೂಲಿಯವನ ಬೆವರು ಆರೋ ಮುಂಚೆ ಕೂಲಿ ಕೊಡಿ ಅನ್ನೋ ಹದೀಸ್ ಎಲ್ಲರಿಗೂ ಬರುತ್ತೆ, ಮೇ 1ಕ್ಕೆ ಎಲ್ಲರ ಸ್ಟೇಟಸ್ಸಲ್ಲೂ ಇರುತ್ತೆ. ಕೊಡೋಕೆ ಮುಂಚೆ ಎಷ್ಟು ಅಂತ ಹೇಳಬೇಕಲ್ವಾ?

ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಗೊತ್ತಾ? ಸಾಲದ ಲೆಕ್ಕ ಬರೆದಿಡೋದರ ಬಗ್ಗೆ. ಹಾಗಾಗಿ ಈ ರಜೇಲಿ ಕೆಲಸಕ್ಕೆ ಹೋಗೋರು ಸೇರೋ ದಿನವೇ ಒಂದು ವಾಟ್ಸಾಪ್ ಕಳಿಸಿ: "ಭಾಯ್, ಬೆಳಿಗ್ಗೆ 10ರಿಂದ ರಾತ್ರಿ 8, ತಿಂಗಳಿಗೆ ಇಷ್ಟು, 5ನೇ ತಾರೀಖು ಸಂಬಳ. ಸರಿ ತಾನೆ?" ಅಣ್ಣ ಅನ್ನಿ, ಅಕ್ಕ ಅನ್ನಿ, ಸಾರ್ ಅನ್ನಿ, ಮರ್ಯಾದೆಯಿಂದಲೇ ಕೇಳಿ. ಏನು ಉತ್ತರ ಬಂತು ಅಂತ ಕಾಮೆಂಟಲ್ಲಿ ಹಾಕಿ. ಅಂಗಡಿ ಹೆಸರು ಬೇಡ.