ಗೋಡೆ ಒಡೆಯುವ ಮುನ್ನ

ಮನೆಯಲ್ಲಿ ನೀರು ಸೋರಿದರೆ ಸೋರುವ ಜಾಗಕ್ಕಿಂತ ಮೊದಲು ತಪ್ಪಿತಸ್ಥರನ್ನು ಹುಡುಕುವ ಅಭ್ಯಾಸ ನಮ್ಮಲ್ಲಿದೆ. ಇದು ಅನ್ಯಾಯವೆಂದು ಸ್ವಾನುಭವದಿಂದಲೇ ಹೇಳುತ್ತೇವೆ.

ಬಚ್ಚಲಿನ ಹಂಡೆ ತೆಗೆದು 25 ಲೀಟರಿನ ಗೀಸರ್ ಹಾಕಿಸಿದೆವು. ಕೆಲವೇ ವಾರಗಳಲ್ಲಿ ಗೋಡೆಯ ಬುಡದಲ್ಲಿ ತೇವ ಕಾಣಿಸಿತು. ಆಟಿಯ ಮಳೆಯಿರಬೇಕೆಂದು ಸುಮ್ಮನಿದ್ದೆವು. ಗೀಸರಿನ ಕವಾಟದಿಂದಲೂ ಹನಿ ಬೀಳತೊಡಗಿದಾಗ, ಪೈಪು ಜೋಡಿಸಿದವರ ಬಾಕಿ ಕೂಲಿಯನ್ನು ತಡೆಹಿಡಿದೆವು.

ಹನಿಯ ಗುಟ್ಟನ್ನು ಬಿಡಿಸಿದವರು ನಮ್ಮ ವಿಜ್ಞಾನದ ಮಾಸ್ಟ್ರು. 20 ಡಿಗ್ರಿ ಸೆಲ್ಸಿಯಸ್‌ನಿಂದ 60ಕ್ಕೆ ಕಾದರೆ 25 ಲೀಟರು ನೀರು ಸುಮಾರು 380 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಕವಾಟ ಅದನ್ನು ಹೊರಬಿಡಲೇಬೇಕು. ಪರೀಕ್ಷೆಗೆಂದು ಮಕ್ಕಳು ಬಾಯಿಪಾಠ ಮಾಡುವ ದ್ರವಗಳ ಹಿಗ್ಗುವಿಕೆ ಬಚ್ಚಲಲ್ಲೇ ನಡೆದಿತ್ತು!

ಗೋಡೆಯ ತೇವ ಮಾತ್ರ ಬೇರೆಯೇ. ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಮೇಲಿನ ಟಾಂಕಿಯ ನೀರನ್ನು ಕೋಲಿನಿಂದ ಅಳೆದೆವು. ಬೆಳಿಗ್ಗೆ ಮಟ್ಟ ಇಳಿದಿತ್ತು. ಮರುರಾತ್ರಿ ಗೀಸರಿಗೆ ಹೋಗುವ ನೀರನ್ನೂ ಕಟ್ಟಿದೆವು, ಮಟ್ಟ ಕದಲಲಿಲ್ಲ. ಸೋರಿಕೆ ಬಿಸಿನೀರಿನ ಪೈಪಿನಲ್ಲಿ! ಪೋಷಕರೇ, ಇಂಥ ಅಳತೆಯ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬೇಕೆಂಬುದು ನಮ್ಮ ಅಭಿಪ್ರಾಯ. ಎರಡು ರಾತ್ರಿ, ಒಂದು ಕೋಲು; ಖರ್ಚೇನೂ ಇಲ್ಲ.

ಸಾಮಾನ್ಯ ಪಿ.ವಿ.ಸಿ. ಪೈಪು ಬಿಸಿನೀರಿಗೆ ಮೆತ್ತಗಾಗುತ್ತದೆ; ಅದಕ್ಕೆ ಸಿ.ಪಿ.ವಿ.ಸಿ. ಬೇಕು. ಕೆಲಸದವರು ಇದನ್ನು ಮೊದಲೇ ಹೇಳಿದ್ದರು. ಗೋಡೆಯೊಳಗಿನ ಹಳೆಯ ಪೈಪೇ ಸಾಕೆಂದು, ದುಡ್ಡು ಉಳಿಸಲು ಹಠ ಹಿಡಿದವರು ನಾವೇ.

ಬಾಕಿಯನ್ನು ಕೊಡಲು ಅವರ ಮನೆಗೇ ಹೋದೆವು. ಅವರು ಹಣ ಎಣಿಸಲಿಲ್ಲ. ನಮ್ಮೊಡನೆ ಬಂದು, ಸೀದಾ ಬಚ್ಚಲಿಗೆ ಹೋಗಿ ಎರಡೇ ಎರಡು ಟೈಲು ಎಬ್ಬಿಸಿದರು.