ಎರಡನೆಯ ಲಡಿಯ ಬಣ್ಣ

ದಸರಾ ಮುಗಿದು ಹಿಂಗಾರಿ ಜೋಳದ ಬಿತ್ತನೆ ನಡೆಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಹೆಣಿಗೆಯ ಕಡ್ಡಿಗಳೂ ಹೊರಗೆ ಬರುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಚಳಿ ಅನ್ನುವುದು ಇರುವುದೇ ಎರಡು ತಿಂಗಳು. ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ಇನ್ನೊಂದು ಹದಿನೈದು ದಿನ ಹೆಚ್ಚು ಅನ್ನಿ. ಆದರೂ ಆಯಿಗಳು ಸುಮ್ಮನೆ ಕೂಡುವವರಲ್ಲ. ಮೊಮ್ಮಕ್ಕಳಿಗೆ ಸ್ವೆಟರ್, ಹೊಸದಾಗಿ ಹುಟ್ಟಿದ ಕೂಸಿಗೆ ಕುಂಚಿಗಿ, ಏನೂ ಇಲ್ಲದಿದ್ದರೆ ಬಾಗಿಲಿಗೆ ತೋರಣ.

ಮೊದಲು ಉಣ್ಣೆ ಎಂದರೆ ಪೇಟೆಗೆ ಹೋಗಿ ಲುಧಿಯಾನದ ಗಿರಣಿ ಉಂಡೆ ತರುವುದು, ಅಷ್ಟೇ. ಈಗ ಇನ್ನೊಂದು ದಾರಿ ಬಂದಿದೆ. ಇಬ್ಬರು ಮೂವರು ಸೇರಿ ಮನೆಯ ಹಿತ್ತಲಿನಲ್ಲೇ ನೂಲಿಗೆ ಬಣ್ಣ ಹಾಕಿ, ಫೋನಿನಲ್ಲಿ ಫೋಟೋ ತೋರಿಸಿ, ಅಂಚೆಯಲ್ಲಿ ಕಳಿಸುತ್ತಾರೆ. ಉಂಡೆಯಲ್ಲ, ಲಡಿ ಬರುತ್ತದೆ. ಅದಕ್ಕೆ ಕೈಯಿಂದ ಬರೆದ ಸಣ್ಣ ಚೀಟಿ ಕಟ್ಟಿರುತ್ತದೆ. ಬೆಲೆ ಗಿರಣಿ ಉಂಡೆಗಿಂತ ಹೆಚ್ಚು. ಬಣ್ಣ ಮಾತ್ರ ಕಣ್ಣು ಕೀಳದ ಹಾಗೆ ಇರುತ್ತದೆ.

ಇಂಥ ನೂಲಿನ ಒಂದು ತಂಟೆ ಈಚೆಗೆ ನನ್ನ ಹತ್ತಿರ ಬಂತು. ಶಹಾಬಾದಿನ ಒಬ್ಬ ಆಯಿ ಮೊಮ್ಮಗಳ ಸ್ವೆಟರಿಗೆಂದು ಉಳ್ಳಾಗಡ್ಡಿ ಸಿಪ್ಪೆಯಿಂದ ಬಣ್ಣ ಹಾಕಿದ ಮೂರು ಲಡಿ ತರಿಸಿದ್ದರು. ಬಂಗಾರದ ಹಳದಿ. ಬೆನ್ನು, ಎದೆ, ಒಂದು ತೋಳು ಮುಗಿದು ಇನ್ನೊಂದು ತೋಳು ಮೊಳಕೈ ತನಕ ಬರುವಷ್ಟರಲ್ಲಿ ನೂಲು ತೀರಿತು. ಒಂದು ತಿಂಗಳ ಮೇಲೆ ಅದೇ ಹೆಂಗಸಿನಿಂದ ನಾಲ್ಕನೆಯ ಲಡಿ ತರಿಸಿದರು. ಬಂದದ್ದು ಹಳದಿಯೇ ಹೌದು, ಆದರೆ ಸ್ವಲ್ಪ ಕಿತ್ತಳೆಯ ಕಡೆ ವಾಲಿದ ಹಳದಿ.

"ಸಾಹೇಬ್ರ, ನೀವು ಬ್ಯಾಂಕಿನ್ಯಾಗ ಜನರ ಲೆಕ್ಕ ನೋಡಿದವರು. ಇದು ಮೋಸ ಹೌದೋ ಅಲ್ಲೋ ನೀವೇ ಹೇಳ್ರಿ. ನಾ ಅಂತೂ ರೊಕ್ಕ ವಾಪಸ್ ಕೇಳಾಕಿ."

ಪಕ್ಕದಲ್ಲಿ ಐದನೆಯ ಇಯತ್ತೆಯ ಮೊಮ್ಮಗಳು ನಿಂತಿದ್ದಳು. ಅವಳ ಚಿಂತೆ ಬೇರೆ. "ಮುತ್ಯಾ, ಒಂದು ತೋಳು ಬ್ಯಾರೆ ಬಣ್ಣ ಆದ್ರ ಸಾಲ್ಯಾಗ ಎಲ್ಲಾರೂ ನಗ್ತಾರ."

ಇಬ್ಬರ ಮಾತಿನಲ್ಲೂ ತೂಕ ಇದೆ. ಲಡಿ ವಾಪಸ್ ಹೋದರೆ ಬಣ್ಣ ಹಾಕಿದಾಕೆಗೆ ನೂಲಿನ ರೊಕ್ಕ, ಎರಡು ಸಲದ ಅಂಚೆ ಖರ್ಚು, ಒಂದು ದಿನದ ಕೂಲಿ ಎಲ್ಲವೂ ಹೋಯಿತು. ಗಿರಣಿಗೆ ಅದು ಲೆಕ್ಕಕ್ಕೆ ಬಾರದ ನಷ್ಟ. ಹಿತ್ತಲಿನ ಹಂಡೆಯವಳಿಗೆ ಒಂದು ವಾರದ ಸಂತೆ. ಹಾಗಂತ ಮಗು ನಗೆಪಾಟಲಾಗಲಿ ಎನ್ನಲು ಬರುತ್ತದೆಯೇ?

ಬ್ಯಾಂಕಿನ ಮಾತು ತೆಗೆದರಲ್ಲ, ಅಲ್ಲಿಂದಲೇ ಹೇಳಿದೆ. ಚೆಕ್ಕು ಬಂದರೆ ಅದರ ಮೇಲಿನ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯ ಜೊತೆ ಹೋಲಿಸಿ ನೋಡುತ್ತೇವೆ. ಮಕ್ಕಳೇ, ನೀವು ನಿಮ್ಮ ಹೆಸರನ್ನು ಹತ್ತು ಸಲ ಬರೆದು ನೋಡಿ. ಒಂದರಂತೆ ಇನ್ನೊಂದು ಇರುವುದಿಲ್ಲ. ಆದರೆ ಹತ್ತೂ ನಿಮ್ಮವೇ ಎಂದು ಗೊತ್ತಾಗುತ್ತದೆ. ಮಾದರಿಗೂ ಚೆಕ್ಕಿಗೂ ಕೂದಲೆಳೆಯಷ್ಟೂ ಫರಕು ಇಲ್ಲದಿದ್ದರೆ ನಮಗೆ ಅಲ್ಲೇ ಸಂಶಯ. ಯಾರೋ ಕೆಳಗೆ ಇಟ್ಟುಕೊಂಡು ತಿದ್ದಿದ್ದಾರೆ ಎಂದು ಇನ್ನೊಮ್ಮೆ ನೋಡುತ್ತಿದ್ದೆವು. ರಬ್ಬರ್ ಸ್ಟಾಂಪು ಮಾತ್ರ ಪ್ರತಿ ಸಲವೂ ಒಂದೇ. ಗಿರಣಿಯ ಬಣ್ಣ ಸ್ಟಾಂಪಿನ ಜಾತಿ, ಕೈಯ ಬಣ್ಣ ಸಹಿಯ ಜಾತಿ.

ಗಿರಣಿಯದೂ ಪೂರ್ತಿ ಒಂದೇ ಅಲ್ಲ ಎಂಬುದು ಬೇರೆ ಮಾತು. ಉಂಡೆಯ ಮೇಲಿನ ಕಾಗದದಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಎಂದು ಯಾಕೆ ಮುದ್ರಿಸುತ್ತಾರೆ? ಒಂದು ಲಾಟಿಗೂ ಇನ್ನೊಂದು ಲಾಟಿಗೂ ಫರಕು ಬರುತ್ತದೆ ಎಂದು ಅವರಿಗೇ ಗೊತ್ತು. ಕೈಕೆಲಸದಲ್ಲಿ ಒಂದು ಹಂಡೆ ಎಂದರೆ ಒಂದು ಲಾಟು. ಆ ಹಂಡೆಯಲ್ಲಿ ಹಿಡಿಯುವುದು ಕೆಲವೇ ಲಡಿ. ಉಳ್ಳಾಗಡ್ಡಿ ಯಾವ ಹೊಲದ್ದು, ಸಿಪ್ಪೆ ಎಷ್ಟು ಹಳೆಯದು, ಉರಿ ಎಷ್ಟಿತ್ತು, ಪಟಿಕ ಎಷ್ಟು ಹಾಕಿದರು, ನೂಲು ಎಷ್ಟು ಹೊತ್ತು ನೆನೆಯಿತು, ಎಲ್ಲವೂ ಬಣ್ಣದಲ್ಲಿ ಕಾಣುತ್ತದೆ. ಹಂಡೆಯೊಳಗೆ ಒಂದು ತುಕ್ಕು ಮೊಳೆ ಬಿದ್ದಿದ್ದರೂ ಸಾಕು, ಹಳದಿ ಹೋಗಿ ಪಾಚಿಯ ಹಸಿರಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಆಟ ಆಡಿಸುವುದು ನೀರು. ಇದು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಶಹಾಬಾದಿನ ಫರಸಿ ಎಂದರೆ ಸುಣ್ಣದ ಕಲ್ಲು. ವಾಡಿಯಲ್ಲೂ ಸೇಡಂನಲ್ಲೂ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅದೇ ಕಲ್ಲಿಗಾಗಿ. ಆ ಕಲ್ಲಿನೊಳಗಿಂದ ಬಂದ ಬೋರಿನ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಗಾಗುವುದನ್ನು ಆರತಿ ತಟ್ಟೆಯಲ್ಲಿ ನೀವು ನೋಡಿದ್ದೀರಿ. ಗಡಸು ನೀರು ಅಷ್ಟು ಜೋರಾಗಿ ಅಲ್ಲದಿದ್ದರೂ ಬಣ್ಣವನ್ನು ಅತ್ತಿತ್ತ ಎಳೆಯುತ್ತದೆ. ಕೆಲವಕ್ಕೆ ಅದರಿಂದ ಒಳ್ಳೆಯದೇ. ಮಂಜಿಷ್ಠದ ಬೇರು ಸುಣ್ಣದ ಅಂಶವಿರುವ ನೀರಿನಲ್ಲಿ ಗಟ್ಟಿ ಕೆಂಪು ಕೊಡುತ್ತದೆ. ಹಾಗಾಗಿ ಮಲೆನಾಡಿನ ಮಳೆ ನೀರಿನಲ್ಲಿ ಹಾಕಿದ ಬಣ್ಣವನ್ನು ನಮ್ಮ ಬೋರಿನ ನೀರಿನಲ್ಲಿ ಯಾರಾದರೂ ಹಾಗೆಯೇ ತೆಗೆದು ತೋರಿಸಿದರೆ ಅದು ದೊಡ್ಡ ಕೈಚಳಕವೇ ಸರಿ.

ಬಣ್ಣ ಒಂದೇ ಇರಲೇಬೇಕಾದ ಜಾಗಗಳೂ ಇವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿ ಕೇಸರಿ, ಹಸಿರು ಸ್ವಲ್ಪ ಆಚೀಚೆ ಆದರೂ ಧ್ವಜ ತಿರಸ್ಕಾರ. ಅಲ್ಲಿ ಫರಕು ತಪ್ಪೇ. ಆದರೆ ಸ್ವೆಟರು ಧ್ವಜವಲ್ಲ.

ಇನ್ನೊಂದು ತುದಿಗೆ ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರ ಭೀಮನಕೋಣೆಯ 'ಚರಕ' ಇದೆ. ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳ ಜೊತೆ ಕಟ್ಟಿದ ಸಹಕಾರ ಸಂಘ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಗಿಡ, ಇಂಥವುಗಳಿಂದ ನೂಲಿಗೆ ಬಣ್ಣ ಹಾಕಿ ಕೈಮಗ್ಗದಲ್ಲಿ ನೇಯುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಸೊನ್ನೆ ಇರಬೇಕು ಎಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕುಳಿತಿದ್ದರು. ಹೆಸರು ಮಾಡಿದ ಸಂಘದ ಪಾಡೇ ಹೀಗಿರುವಾಗ ಹಿತ್ತಲಿನ ಹಂಡೆಯವಳ ಪಾಡು ಕೇಳಬೇಕೇ? ಕೈಕೆಲಸದಲ್ಲಿ ರೊಕ್ಕ ಮಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮಾರಿದ ಮೇಲೆಯೇ ಮುಂದಿನ ನೂಲು.

ಆದ್ದರಿಂದ ಆಯಿಗೆ ನಾನು ಹೇಳಿದ್ದು: ಇದು ಮೋಸವಲ್ಲ, ರೊಕ್ಕ ವಾಪಸ್ ಕೇಳಬೇಡಿ. ಮುಗಿದ ತೋಳನ್ನೂ ಮೊಳಕೈ ತನಕ ಬಿಚ್ಚಿ. ಅಲ್ಲಿಂದ ಎರಡೂ ತೋಳಿಗೆ ಹಳೆಯ ನೂಲು ಎರಡು ಸಾಲು, ಹೊಸ ನೂಲು ಎರಡು ಸಾಲು ಹೆಣೆಯಿರಿ. ಮುಂಗೈ ಅಂಚು ಪೂರ್ತಿ ಹೊಸದು, ಕೊರಳ ಅಂಚೂ ಬಿಚ್ಚಿ ಹೊಸದು. ಒಂದು ಕಡೆ ಮಾತ್ರ ಇದ್ದರೆ ಕೊರತೆ, ಎರಡೂ ಕಡೆ ಇದ್ದರೆ ಅದು ಡಿಸೈನು. ಈ ಉಪಾಯ ನನ್ನದಲ್ಲ, ನನ್ನ ಮನೆಯವಳದು. ನನಗೆ ಕಡ್ಡಿ ಹಿಡಿಯಲೂ ಬರುವುದಿಲ್ಲ. ಜೊತೆಗೆ ಬಣ್ಣದಾಕೆಗೂ ಒಂದು ಮಾತು ಬರೆಸಿದೆ: ಚೀಟಿಯ ಮೇಲೆ ಹಂಡೆಯ ನಂಬರನ್ನೂ, 'ಇನ್ನೊಂದು ಹಂಡೆಯ ಬಣ್ಣ ಇದಕ್ಕೆ ಹೊಂದದು' ಎಂಬ ಒಂದು ಸಾಲನ್ನೂ ಬರೆಯಿರಿ ಎಂದು. ಗೊತ್ತಿದ್ದವರು ಹೇಳದೆ ಇರುವುದೂ ವ್ಯಾಪಾರದಲ್ಲಿ ಸರಿಯಲ್ಲ.

ಕೊಳ್ಳುವವರು ಏನು ನೋಡಬೇಕು? ಮೊದಲು ತೂಕ. ಎಂಟು ವರ್ಷದ ಮಗುವಿನ ಸ್ವೆಟರಿಗೆ ಸುಮಾರು 300 ಗ್ರಾಂ ಬೇಕೆನಿಸಿದರೆ 100 ಗ್ರಾಮಿನ ನಾಲ್ಕು ಲಡಿ ಒಂದೇ ಸಲ, ಒಂದೇ ಹಂಡೆಯದು ಕೇಳಿ ತೆಗೆದುಕೊಳ್ಳಿ. ಉಳಿದದ್ದು ಟೊಪ್ಪಿಗೆಗೆ ಆಗುತ್ತದೆ. ಫೋಟೋದ ಬಣ್ಣ ನಂಬಬೇಡಿ, ಒಂದು ಗೇಣು ನೂಲು ಮಾದರಿಗೆ ಕಳಿಸಿ ಎಂದರೆ ಒಳ್ಳೆಯ ವ್ಯಾಪಾರಸ್ಥರು ಕಳಿಸುತ್ತಾರೆ. ಕೈಯಿಂದ ಹಾಕಿದ ಬಣ್ಣ ಎಂದರೆ ಗಿಡದ ಬಣ್ಣ ಎಂದೇ ಅರ್ಥವಲ್ಲ. ಡಬ್ಬಿಯ ರಾಸಾಯನಿಕ ಬಣ್ಣವನ್ನೂ ಕೈಯಿಂದಲೇ ಹಾಕುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅದನ್ನು ಗಿಡದ್ದೆಂದು ಹೇಳಿ ಮಾರಿದರೆ ಅದು ಮೋಸ. ಕೂಸಿನ ಕುಂಚಿಗಿಗಾದರೆ ಯಾವ ಬಣ್ಣ ಎಂದು ಕೇಳಲೇಬೇಕು. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತದೆ.

ನೂಲು ಮನೆಗೆ ಬಂದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ತಣ್ಣೀರಿನಲ್ಲಿ ಅದ್ದಿದಾಗ ಮೊದಲ ನೀರಿಗೆ ಸ್ವಲ್ಪ ಬಣ್ಣ ಬಿಡುವುದು ಸಹಜ. ಮೂರನೆಯ ನೀರಿಗೂ ಬಿಡುತ್ತಿದ್ದರೆ ಅದನ್ನು ಬಿಳಿ ನೂಲಿನ ಜೊತೆ ಸೇರಿಸಬೇಡಿ, ಮಾರಿದವರಿಗೂ ತಿಳಿಸಿ. ಇದರಲ್ಲಿ ಸಂಕೋಚ ಬೇಡ. ಒಣಗಿಸುವುದು ನೆರಳಿನಲ್ಲಿ. ನಮ್ಮ ಬಿಸಿಲು ಯಾವ ಬಣ್ಣವನ್ನೂ ಬಿಡುವುದಿಲ್ಲ. ಆಮೇಲೆ ತೊಳೆಯಲು ಅಂಟುವಾಳ ಕಾಯಿ ಸಾಕು.

ಲಡಿಯಿಂದ ಉಂಡೆ ಸುತ್ತುವುದು ಮೊಮ್ಮಕ್ಕಳ ಕೆಲಸ. ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಮಗು ಕೂಡಬೇಕು, ಆಯಿ ಸುತ್ತಬೇಕು. ಎಳೆ ಎಡದಿಂದ ಬಂದಾಗ ಎಡಗೈ, ಬಲದಿಂದ ಬಂದಾಗ ಬಲಗೈ ತುಸು ಬಗ್ಗಿಸಿದರೆ ಸಿಕ್ಕು ಬೀಳುವುದಿಲ್ಲ. ಟಿವಿ ನೋಡುತ್ತ ಕೂತರೆ ಬೀಳುತ್ತದೆ.

ಇನ್ನು ಮಕ್ಕಳಿಗೆ ಒಂದು ಕೆಲಸ. ನಮ್ಮ ಜೋಳದ ಹೊಲದ ಅಂಚಿನಲ್ಲಿ ದನ ಬಾರದಿರಲೆಂದು ಕುಸುಬಿ ಹಾಕುತ್ತಾರಲ್ಲ, ಮುಳ್ಳಿನ ಗಿಡ. ಈಗ ಅದು ಎಣ್ಣೆಗೆ ಮಾತ್ರ ಎಂದುಕೊಂಡಿದ್ದೇವೆ. ಹಿಂದೆ ಅದರ ಹೂವು ಬಣ್ಣದ ಸರಕು. ಇಂಗ್ಲೆಂಡಿನಲ್ಲಿ ಕಚೇರಿಯ ಕಾಗದ ಕಟ್ಟುವ ಕೆಂಪು ಪಟ್ಟಿಗೂ ಇದೇ ಬಣ್ಣ ಹಾಕುತ್ತಿದ್ದರು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾದ ಔಷಧ ಕ್ವಿನೈನ್ ಮಾಡಲು ಹೋಗಿ ಆಕಸ್ಮಿಕವಾಗಿ ನೇರಳೆ ಬಣ್ಣ ಕಂಡುಹಿಡಿದ. ಅಲ್ಲಿಂದ ರಾಸಾಯನಿಕ ಬಣ್ಣಗಳ ಸಾಲು ಶುರು. 1897ರಲ್ಲಿ ಜರ್ಮನಿಯಿಂದ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂತು. ಕುಸುಬಿ ಹೂವನ್ನು ಕೇಳುವವರು ಇಲ್ಲವಾದರು.

ಅದರ ಹೂವಿನಲ್ಲಿ ಎರಡು ಬಣ್ಣ ಅಡಗಿವೆ. ಒಣ ಎಸಳನ್ನು, ನೂಲಿನ ತೂಕದ ಎರಡರಷ್ಟು, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿ. ಹಳದಿ ಬಣ್ಣ ನೀರಿಗೆ ಇಳಿಯುತ್ತದೆ. ನೀರು ತಿಳಿಯಾಗುವ ತನಕ ಹಿಂಡಿ ಹಿಂಡಿ ಚೆಲ್ಲಬೇಕು, ಬೇಸರ ಮಾಡಬಾರದು. ಆಮೇಲೆ ಅದೇ ಗಂಟನ್ನು ಬಟ್ಟೆ ಒಗೆಯುವ ಸೋಡಾ ಕರಗಿಸಿದ ತಣ್ಣೀರಿನಲ್ಲಿ ಒಂದು ತಾಸು ಇಟ್ಟು ಕಿವುಚಿ. ಈ ಕೆಲಸಕ್ಕೆ ದೊಡ್ಡವರ ಕೈ ಇರಲಿ, ಸೋಡಾ ಚರ್ಮಕ್ಕೆ ಉರಿ. ಕಂದುಗೆಂಪು ನೀರು ಬರುತ್ತದೆ. ಅದರಲ್ಲಿ ಬಿಳಿ ಹತ್ತಿ ನೂಲು ಅದ್ದಿ ನಿಂಬೆ ರಸವನ್ನು ಸ್ವಲ್ಪ ಸ್ವಲ್ಪವೇ ಹಿಂಡಿ. ನೊರೆ ಉಕ್ಕುತ್ತದೆ, ನೋಡನೋಡುತ್ತ ನೀರು ಗುಲಾಬಿಯಾಗುತ್ತದೆ. ಕಾಯಿಸಬೇಡಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೂಲು ತೆಗೆದು ಜಾಲಿಸಿ, ನೆರಳಿಗೆ ಹಾಕಿ. ಬಿಸಿಲಿಗೂ ಸಾಬೂನಿಗೂ ಈ ಗುಲಾಬಿ ತಾಳುವುದಿಲ್ಲ. ಸ್ವೆಟರಿಗೆ ಬೇಡ, ರಾಖಿಗೋ ಪುಸ್ತಕದ ಗುರುತಿಗೋ ಚೆಂದ. ಎರಡು ಮನೆಯ ಮಕ್ಕಳು ಬೇರೆ ಬೇರೆ ನೀರಿನಲ್ಲಿ, ಒಬ್ಬರು ಬೋರಿನದು, ಇನ್ನೊಬ್ಬರು ಹಿಡಿದಿಟ್ಟ ಮಳೆ ನೀರು, ಮಾಡಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ಎಸಳು ಕೀಳುವ ಮುಂಚೆ ಹೊಲದವರನ್ನು ಕೇಳಿ. ಕಾಳು ಕಟ್ಟಿದ ಮೇಲೆ ಬಾಡಿದ ಎಸಳು ತೆಗೆದರೆ ಅವರಿಗೆ ನಷ್ಟವಿಲ್ಲ, ಬೇಡ ಎನ್ನುವುದಿಲ್ಲ. ಹೋಗುವುದು ಬೆಳಿಗ್ಗೆ ಇಬ್ಬನಿ ಆರುವ ಮುಂಚೆ, ಆಗ ಮುಳ್ಳು ಮೆತ್ತಗಿರುತ್ತವೆ. ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಹೋಗಿ.